ನಮ್ಮ ನೆದಾ ನಿರರ್ಗಳವಾಗಿ ಓದುತ್ತಾಳೆಂದು ಬರೆದುಕೊಟ್ಟವರಿಗೆ

ಜಿಲ್ಲಾ ಓದುನೆರವು ಕೇಂದ್ರದ ಮುಖ್ಯಸ್ಥರಾದ ಶ್ರೀಮಾನ್ ಲ್ಯುಬೆನ್ ಚಕರೋವ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು, ಈಗ ಡ್ಯಾನ್ಯೂಬ್ ದಂಡೆಯ ಮನೆಯಂಗಳದಲ್ಲಿ ಚಳಿಗಾಲಕ್ಕೆ ಕೂಡಿಡಲೆಂದು ದಪ್ಪ ಮೆಣಸಿನಕಾಯಿ ಸುಡುತ್ತಾ ಕುಳಿತಿರುವ ವೆಲಿಕಾ ಡ್ರಗಾನೋವಾ ಎಂಬ ಮುದುಕಿ ತಮಗೆ ಮಾಡುವ ಅನಂತ ವಂದನೆಗಳು. ಮೇ ಇಪ್ಪತ್ತನಾಲ್ಕರ ಅಕ್ಷರದ ಹಬ್ಬದಂದು ತಾವು ಹೊರಲಾರದೆ ಹೊತ್ತು ತಂದು, ಅಕ್ಷರ ಕೊಟ್ಟ ಸಂತ ಸೋದರರ ಚಿತ್ರದ ಕೆಳಗಿಟ್ಟ ಹೂಮಾಲೆಯನ್ನು ನಾನೂ ಕಣ್ತುಂಬ ನೋಡಿದೆ. ಅಷ್ಟು ದೊಡ್ಡ ಮಾಲೆ ಮೇಯರ್ ಸಾಹೇಬರ ಕೈಯಲ್ಲೂ ಇರಲಿಲ್ಲ.

ಇದು ನಾನು ತಮಗೆ ಬರೆಯುತ್ತಿರುವ ಐದನೆಯ ಪತ್ರ. ಮೊದಲ ನಾಲ್ಕಕ್ಕೆ ಉತ್ತರ ಬಾರದಿರುವುದು ತಮ್ಮ ಕಾರ್ಯಬಾಹುಳ್ಯದ ಗುರುತೆಂದು ತಿಳಿದು, ಈ ಸಲ ಊರಿನವರೆಲ್ಲ ಓದಲೆಂದು ಪತ್ರಿಕೆಗೇ ಕೊಡುತ್ತಿದ್ದೇನೆ.

ವಿಷಯ ನನ್ನ ಮೊಮ್ಮಗಳು ನೆದಾಳದು. ಅವಳಿಗೆ ಎಂಟು ವರ್ಷ. ಅವಳಮ್ಮ ಬ್ರೆಡ್ ಕಾರ್ಖಾನೆಯಲ್ಲಿ ಪಾಳಿ ದುಡಿಯುವುದರಿಂದ ಪಾಠ ನೋಡಿಕೊಳ್ಳುವವಳು ನಾನು. ಹೋದ ನವೆಂಬರಿನಲ್ಲಿ, ಅವಳು ಒಂದನೇ ತರಗತಿಯಲ್ಲಿದ್ದಾಗ, ಟೀಚರ್ ರುಮ್ಯಾನಾ ನನ್ನನ್ನು ಕರೆಸಿ ಮೆಲ್ಲಗೆ ಹೇಳಿದರು: "ಬುದ್ಧಿಗೇನೂ ಕಮ್ಮಿ ಇಲ್ಲಮ್ಮ ಇವಳಿಗೆ. ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಬೀಳ್ತಿಲ್ಲ, ಅಷ್ಟೆ. ಡಿಸ್ಲೆಕ್ಸಿಯಾ ಇರಬಹುದು. ಇಂಥ ಮಕ್ಕಳಿಗೆ ಕಲಿಸೋ ದಾರಿನೇ ಬೇರೆ, ಗೊತ್ತಿರೋರು ಕಲಿಸಿದ್ರೆ ಖಂಡಿತ ಬರುತ್ತೆ." ಅದೇ ವಾರ ತಮ್ಮ ಕೇಂದ್ರಕ್ಕೆ ಅರ್ಜಿ ಹಾಕಿದೆವು.

ತಾವು ನಿಧಾನವಾಗಿ ಯೋಚಿಸುತ್ತಿದ್ದ ಆ ನಾಲ್ಕು ತಿಂಗಳು ಊರೇ ನಮ್ಮ ನೆರವಿಗೆ ಬಂದಿತು. ಒಬ್ಬರು ದಿನಕ್ಕೆ ಏಳು ಅಕ್ರೋಟು ತಿನ್ನಿಸೆಂದರು. ಮಗು ಅಕ್ರೋಟಿನ ಹೆಸರು ಕೇಳಿದರೆ ಓಡುವಂತಾಯಿತು. ಕನ್ನಡಕದಂಗಡಿಯವನು ನೀಲಿ ಗಾಜು ಹಾಕಿಕೊಟ್ಟ. ಅಕ್ಷರಗಳು ನೀಲಿಯಾದವು, ಅದರಾಚೆ ಏನೂ ಆಗಲಿಲ್ಲ. ಪಕ್ಕದ ಮನೆಯ ತ್ಸೋಂಕಾ, "ಮಗು ಎಲ್ಲೋ ಹೆದರ್ಕೊಂಡಿದೆ ಕಣೇ, ಸೀಸ ಹುಯ್ಯಿಸು, ಎಲ್ಲ ಇಳಿಯುತ್ತೆ" ಎಂದು ತಾನೇ ಸೀಸ ಕಾಯಿಸಿ ತಂದು ನೀರಿಗೆ ಸುರಿದಳು. ಮಗುವನ್ನು ಹೆದರಿಸಿದವರ ಆಕಾರ ಗಟ್ಟಿಯಾದ ಸೀಸದಲ್ಲಿ ಮೂಡುತ್ತದಂತೆ. ಅದರಲ್ಲಿ ತಮ್ಮ ಕಚೇರಿಯ ಗುಮಾಸ್ತರ ಮೂತಿ ಕಾಣುತ್ತದೆಂದು ಅವಳು ಆಣೆ ಮಾಡಿದಳು, ನಾನು ನಂಬಲಿಲ್ಲ. ಇವೆಲ್ಲ ಮುಗಿದ ಮೇಲೆ ನೆದಾ ಒಂದು ದಿನ ಸಾರಿನ ಬಟ್ಟಲ ಮುಂದೆ ಕುಳಿತು, "ನಾನು ದಡ್ಡಿ ಅಂತ ಎಲ್ರಿಗೂ ಗೊತ್ತಾಗೋಯ್ತಾ ಅಜ್ಜಿ?" ಎಂದು ಕೇಳಿದಳು. ಮಾನ್ಯರೇ, ಇದನ್ನು ಹಾಸ್ಯಕ್ಕೆ ಬರೆಯುತ್ತಿಲ್ಲ.

ಕಡೆಗೂ ಮಾರ್ಚಿನಲ್ಲಿ ತಮ್ಮ ಮೂವರ ಸಮಿತಿ ನಮ್ಮ ಶಾಲೆಗೆ ದಯಮಾಡಿಸಿತು. ಆರಿಸಿಕೊಂಡ ದಿನವಂತೂ ಅದ್ಭುತ. ಒಂದನೇ ತರಗತಿಯವರು ನಮ್ಮ ಲಿಪಿಯ ಮೂವತ್ತೂ ಅಕ್ಷರ ಕಲಿತು ಮುಗಿಸಿದ್ದಕ್ಕೆ, ಒಬ್ಬೊಬ್ಬರು ಒಂದೊಂದು ಅಕ್ಷರದ ವೇಷ ತೊಟ್ಟು ಪದ್ಯ ಹೇಳುವ ಹಬ್ಬ ಅಂದೇ ಇತ್ತು, ಚೀಸ್ ತುಂಬಿದ ಬಿಸಿ ಬಿಸಿ ಬಾನಿತ್ಸಾ ಕೂಡ ಅಂದೇ ಇತ್ತು. ನೆದಾಳಿಗೆ ಜೀರುಂಡೆಯಂತೆ ಆರು ಕಾಲು ಚಾಚಿದ ಅಕ್ಷರ ಬಂದಿತ್ತು. ರಟ್ಟು ಕತ್ತರಿಸಿ ಹೊಲಿದವಳು ನಾನೇ. ಹುಡುಗಿ ಒಂದಕ್ಷರ ಓದಲಾರಳು ನಿಜ, ಆದರೆ ಒಮ್ಮೆ ಕಿವಿಗೆ ಬಿದ್ದದ್ದನ್ನು ಬಿಡುವವಳಲ್ಲ. ತನ್ನ ಪದ್ಯ ಹೇಳಿದಳು, ಮರೆತು ನಿಂತ ಆರು ಮಂದಿಗೆ ಹಿಂದಿನಿಂದ ಅವರವರ ಪದ್ಯ ಹೇಳಿಕೊಟ್ಟಳು. ಮೆಚ್ಚಿದ ಸಮಿತಿಯವರು ಒಂದು ಕೈಯಲ್ಲಿ ಬಾನಿತ್ಸಾ ಹಿಡಿದೇ ಅವಳ ಕೈಗೆ ತರಗತಿಯ ಪಾಠಪುಸ್ತಕ ಕೊಟ್ಟು "ಓದು ಪುಟ್ಟಿ" ಎಂದರು. ವರ್ಷವಿಡೀ ಕೇಳಿ ಬಾಯಿಪಾಠವಾಗಿದ್ದ ಬಾತುಕೋಳಿಯ ಪಾಠವನ್ನು ಅವಳು ಗಳಗಳನೆ ಒಪ್ಪಿಸಿದಳು. ಪುಟ ತಿರುಗಿಸಬೇಕೆಂಬುದನ್ನು ಮರೆತು, ಮುಂದಿನ ಎರಡು ಪುಟಗಳನ್ನೂ ಅದೇ ಪುಟ ನೋಡುತ್ತಾ ಹೇಳಿ ಮುಗಿಸಿದಳು. ಸಮಿತಿಯ ಹಿರಿಯ ಸದಸ್ಯರು ಕಣ್ಣೊರೆಸಿಕೊಂಡರು. ರುಮ್ಯಾನಾ ಏನೋ ಹೇಳಹೋದರೆ, "ಸುಮ್ನಿರಿ ಟೀಚರ್, ಹಬ್ಬದ ದಿನ ಮಗು ಮೇಲೆ ದೂರು ಹೇಳ್ತಾರಾ?" ಎಂದು ಗದರಿದರು.

ಹದಿನೈದು ದಿನದಲ್ಲಿ ತಮ್ಮ ಸಹಿಯ ಕಾಗದ ಬಂತು: "ಮಗು ನಿರರ್ಗಳವಾಗಿ ಓದುತ್ತದೆ, ನೆರವಿನ ಅಗತ್ಯವಿಲ್ಲ." ಅಕ್ಷರಕ್ಕೆ ಮಾಲೆ ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಮಾನ್ಯರೇ, ಅದನ್ನು ಕಲಿಸುವ ಹೊತ್ತಿಗೆ ಮಾತ್ರ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ತಮ್ಮದೇ ಕೇಂದ್ರದಲ್ಲಿ ಇಂಥ ಮಕ್ಕಳಿಗೆ ಕಲಿಸುವ ಕತೆರೀನಾ ಎಂಬ ಹೆಣ್ಣುಮಗಳಿದ್ದಾಳೆ, ತಾವು ಗಮನಿಸಿರಲಾರಿರಿ, ಕೆಲಸ ಮಾಡುವವರು ಸದ್ದು ಮಾಡುವುದಿಲ್ಲ. ಬೇಸಿಗೆಯಲ್ಲಿ ಅವಳು ತನ್ನ ರಜೆಯ ಒಂಬತ್ತು ಗುರುವಾರ ನಮ್ಮ ಅಡುಗೆಮನೆಗೆ ಬಂದಳು. ತಟ್ಟೆಯಲ್ಲಿ ರವೆ ಹರಡಿ, ದಿನಕ್ಕೆ ಒಂದೇ ಸದ್ದು, ಬೆರಳಲ್ಲಿ ಬರೆ, ಬಾಯಲ್ಲಿ ಹೇಳು, ಎರಡು ಸದ್ದು ಕೂಡಿಸು, ಮತ್ತೆ ಮೊದಲಿಂದ ಬಾ. ತಪ್ಪಿದಾಗೆಲ್ಲ, "ನಾಚ್ಕೋಬೇಡ ಮರಿ, ನಿಧಾನಕ್ಕೆ ಬರುತ್ತೆ" ಎನ್ನುವಳು. ಒಂಬತ್ತನೇ ಗುರುವಾರ ನೆದಾ ಉಪ್ಪಿನ ಡಬ್ಬಿಯ ಮೇಲಿನ ಹೆಸರನ್ನು ಯಾರೂ ಹೇಳಿಕೊಡದೆ ಓದಿದಳು. ನಾನು ಒಲೆಯ ಕಡೆ ತಿರುಗಿ ನಿಂತು ಅತ್ತೆ. ಹತ್ತನೇ ಗುರುವಾರ ಕತೆರೀನಾ ಬರಲಿಲ್ಲ. ನೆರವು ಬೇಡವೆಂದು ಕೇಂದ್ರವೇ ಬರೆದುಕೊಟ್ಟ ಮಗುವಿಗೆ ಕಲಿಸಿದರೆ ಕೆಲಸ ಹೋಗುತ್ತದೆಂದು ತಾವು ಅವಳಿಗೆ ಎಚ್ಚರಿಕೆ ಕೊಟ್ಟಿದ್ದಿರಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೆಪ್ಟೆಂಬರ್ ಹದಿನೈದಕ್ಕೆ ಶಾಲೆ ತೆರೆಯುತ್ತದೆ. ಅಷ್ಟರೊಳಗೆ ಆ ಕಾಗದ ತಿದ್ದದಿದ್ದರೆ ಕತೆರೀನಾಳ ಈ ವರ್ಷದ ಪಟ್ಟಿಯಲ್ಲಿ ನೆದಾ ಇರುವುದಿಲ್ಲ. ತಿದ್ದುವುದು ತಮ್ಮ ಘನತೆಗೆ ಕುಂದೆಂದಾದರೆ ಬೇರೆ ಉಪಾಯಗಳನ್ನು ಸವಿನಯವಾಗಿ ಸೂಚಿಸುತ್ತೇನೆ. ಎರಡನೇ ತರಗತಿಯ ಗಣಿತ ಪುಸ್ತಕವನ್ನು ಪೂರ್ತಿ ಪದ್ಯ ಮಾಡಿಸಿ, ಊರಿನ ವಾದ್ಯದವರಿಂದ ಮೂರು ಸಲ ಹಾಡಿಸಿಕೊಡಿ, ನೆದಾ ಕಲಿತುಬಿಡುತ್ತಾಳೆ. ಬಸ್ಸಿನ ಫಲಕ, ಔಷಧಿಯ ಚೀಟಿ, ಮುಂದೆ ಅವಳಿಗೆ ಬರಲಿರುವ ಪ್ರೇಮಪತ್ರ, ಇವುಗಳನ್ನು ಓದಿಹೇಳಲು ಸಮಿತಿಯ ಹಿರಿಯ ಸದಸ್ಯರನ್ನು ಆಜೀವ ಅವಳ ಜೊತೆಗೆ ಕಳುಹಿಸಿ; ಊಟ ತಿಂಡಿ ನಮ್ಮದು, ಬಾನಿತ್ಸಾ ದಿನಾ ಮಾಡುತ್ತೇನೆ. ಇದಾವುದೂ ಆಗದಿದ್ದರೆ, ಅವಳು ಎಂದೂ ಕೇಳಿರದ ಒಂದೇ ಒಂದು ಪುಟ ಹಿಡಿದು, ಹಬ್ಬವಿಲ್ಲದ ಒಂದು ದಿನ, ಹತ್ತು ನಿಮಿಷ ಬನ್ನಿ. ನನಗೆ ನಿಜವಾಗಿ ಬೇಕಾದದ್ದು ಅಷ್ಟೆ.

ತಮ್ಮ ಮಾಲೆಯನ್ನೂ ಮೌನವನ್ನೂ ಸಮನಾಗಿ ಗೌರವಿಸುವ,

ತಮ್ಮ ವಿಶ್ವಾಸಿ,
ವೆಲಿಕಾ ಡ್ರಗಾನೋವಾ

ತಾ.ಕ.: ಪತ್ರ ಮಡಿಸುವ ಮುನ್ನ ನೆದಾ ಅದನ್ನು ಎಳೆದುಕೊಂಡು, ಮೊದಲ ಎರಡು ಸಾಲನ್ನು ಬೆರಳಿಟ್ಟು ಓದಿದಳು, ಅಷ್ಟರಲ್ಲಿ ನಾನು ಸುಟ್ಟ ಹನ್ನೆರಡು ಮೆಣಸಿನಕಾಯಿಯ ಸಿಪ್ಪೆ ಸುಲಿದಿದ್ದೆ. ಇದನ್ನೇ ಹಿಡಿದು ಮತ್ತೆ "ನಿರರ್ಗಳ" ಎಂದು ಬರೆಯಬೇಡಿ. "ಈ ಮಾಮನಿಗೆ ನಾಲ್ಕು ಪತ್ರ ಹಾಕಿದ್ದೇನೆ, ಒಂದಕ್ಕೂ ಉತ್ತರವಿಲ್ಲ" ಎಂದು ನಾನು ಹೇಳಿದಾಗ ಅವಳು ಅಂದದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಪಾಪ, ಅವ್ರಿಗೂ ಓದೋಕೆ ಬರಲ್ವೇನೋ ಅಜ್ಜಿ. ನಾಚ್ಕೋಬೇಡಿ ಅಂತ ಬರಿ, ನಿಧಾನಕ್ಕೆ ಬರುತ್ತೆ."