ಆನೆ ವಾಸನೆ ಹಿಡಿಯುವ ಮೂಗು

ಬೇರೆ ಡಾಕ್ಟರುಗಳನ್ನು ಕಂಡರೆ ಜನ ಕೈಮುಗಿಯುತ್ತಾರೆ, ನನ್ನನ್ನು ಕಂಡರೆ ಸೀನುತ್ತಾರೆ. ಚಾಮರಾಜನಗರದಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರಾಗಿ ಹದಿನಾಲ್ಕು ವರ್ಷವಾಯಿತು; ಬುಧವಾರ ಮತ್ತು ಭಾನುವಾರ ಗುಂಡ್ಲುಪೇಟೆಯ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ಈ ಎರಡು ಊರುಗಳಲ್ಲಿ ಒಂದು ಕಡೆಯಾದರೂ ನಾನು ನಗೆಪಾಟಲಾಗದೆ ವಾರ ಮುಗಿಯುವುದಿಲ್ಲ. ಆದರೆ ಒಬ್ಬನೇ ರೋಗಿಯ ಒಂದೇ ಮೂಗಿಗಾಗಿ ಇಷ್ಟು ಸಲ ನಗೆಪಾಟಲಾದದ್ದು ಹೋದ ವರ್ಷ ಮಾತ್ರ.

ಅಟ್ಟದ ಮೋರಿ

ಭೀಮನಬೀಡಿನ ಒಬ್ಬಾತ ಹೆಂಡತಿಯ ಜೊತೆ ಗುಂಡ್ಲುಪೇಟೆಯ ಕ್ಲಿನಿಕ್ಕಿಗೆ ಬಂದ. ಬಂಡೀಪುರದ ಕಾಡಿನಲ್ಲಿ ವಾಚರ್ ಕೆಲಸ. ಆಮೇಲೆ ನಾವೆಲ್ಲ ಅವನನ್ನು ವಾಚರಣ್ಣ ಅಂತಲೇ ಕರೆದೆವು. ಎರಡೂ ಹೊಳ್ಳೆಯೊಳಗೆ ಮಾಂಸ ಬೆಳೆದು ಗಾಳಿಗೇ ದಾರಿಯಿಲ್ಲ, ಹಣೆಯ ಸೈನಸ್ ಕಟ್ಟಿಕೊಂಡು ಬಗ್ಗಿದರೆ ತಲೆ ಸಿಡಿಯುತ್ತದೆ. ಆದರೆ ಅವನ ದೂರು ತಲೆನೋವಿನದಲ್ಲ.

"ವಾಸ್ನೆ ಗೊತ್ತಾಯ್ತಿಲ್ಲ ಸಾ. ಬೀಟ್‌ಗೆ ಕಾಡು ಸುತ್ತಕ್ ಓಗುವಾಗ ನಾನೇ ಮುಂದೆ. ಪೊದೆ ಇಂದೆ ಆನೆ ಇದ್ರೆ ಕಣ್ಗೆ ಕಾಣಕ್ ಮುಂಚೆ ನನ್ ಮೂಗ್ಗೆ ಗೊತ್ತಾಯ್ತಿತ್ತು. ಓದ್ ತಿಂಗ್ಳು ಹತ್ತು ಮಾರು ದೂರ್ದಲ್ಲಿ ನಿಂತಿತ್ತು, ನಂಗೆ ಗೊತ್ತೇ ಆಗ್ನಿಲ್ಲ. ನನ್ ಮೂಗು ನಂಬ್ಕೊಂಡು ಇಂದೆ ಮೂರು ಜನ ಬತ್ತಾರೆ ಸಾ."

ನನ್ನ ಹದಿನಾಲ್ಕು ವರ್ಷದಲ್ಲಿ ಮೂಗಿನ ಮೇಲೆ ನಾಲ್ಕು ಜೀವ ನಿಂತಿದ್ದನ್ನು ನಾನು ಕಂಡಿರಲಿಲ್ಲ.

ಆಪರೇಷನ್ ಬೇಕು ಅಂದೆ. ಅರ್ಥವಾಗಲಿ ಅಂತ ಕಾಗದದ ಮೇಲೆ ಮನೆಯ ಚಿತ್ರ ಬರೆದೆ. ಮೂಗು ಅಂದರೆ ನಡುಮನೆ. ಹಣೆಯ ಸೈನಸ್ ಅಂದರೆ ಮೇಲಿನ ಅಟ್ಟ. ಅಟ್ಟದಲ್ಲಿ ಸೇರುವ ನೀರು ಇಳಿಯಲು ಒಂದೇ ಒಂದು ಸಣ್ಣ ಮೋರಿ, ಅದೂ ಸೊಟ್ಟಗೆ. ಅಟ್ಟದ ಹಿಂದಿನ ಗೋಡೆಯಾಚೆ ಮೆದುಳು, ಪಕ್ಕದ ಗೋಡೆಯಾಚೆ ಕಣ್ಣು. ಮೋರಿ ಎಲ್ಲಿದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಮೂಗಿನೊಳಗಿಂದ ಕೊಳವೆ ಕ್ಯಾಮೆರಾ ಹಾಕಿ, ಯಾವ ಗೋಡೆಯನ್ನೂ ಮುಟ್ಟದೆ ಆ ಮೋರಿ ಬಿಡಿಸಬೇಕು. ವಾಸನೆಯ ನರಗಳು ಇಳಿಯುವುದೂ ಅಲ್ಲೇ ಪಕ್ಕದಲ್ಲಿ, ಅವಕ್ಕೂ ಏಟು ಬೀಳಬಾರದು.

ಹೆಂಡತಿ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಗೋಡೆ ಎಷ್ಟು ದಪ್ಪ ಸಾ?"

"ಕೆಲವು ಕಡೆ ಮೊಟ್ಟೆ ಸಿಪ್ಪೆಯಷ್ಟಮ್ಮ."

"ಇಂಥ ಮನೆ ಯಾವ ಮೇಸ್ತ್ರಿ ಕಟ್ಟಿದ್ದು? ನಮ್ ದನದ ಕೊಟ್ಗೆ ಮೋರಿಯೇ ಇದ್ಕಿಂತ ನೆಟ್ಗದೆ."

ಹಣೆಯ ಸೈನಸ್ಸಿನ ಕೇಸುಗಳನ್ನು ನಾನು ಅದುವರೆಗೆ ಮೈಸೂರಿಗೆ ಕಳಿಸುತ್ತಿದ್ದೆ. ಇವರಿಗೂ ಅಲ್ಲಿಗೇ ಹೋಗಿ ಅಂದೆ. ವಾಚರಣ್ಣ ಒಪ್ಪಲಿಲ್ಲ. "ಬ್ಯಾಡ ಸಾ, ನೀವೇ ಮಾಡಿ." ಅಬ್ಬಾ, ಎಂಥ ನಂಬಿಕೆ ಅಂತ ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅವನೇ ಬಿಡಿಸಿ ಹೇಳಿದ: "ಮೈಸೂರೋರು ಕೆಡಿಸ್‌ಬುಟ್ರೆ ಎಲ್ ಉಡಿಕ್ಕೊಂಡು ಓಗದು? ನೀವಾದ್ರೆ ವಾರುಕ್ ಎರಡ್ ದಿನ ಇಲ್ಲೇ ಸಿಕ್ತೀರಿ."

ಎಡ ಬಲ

ನನಗೆ ಪಾಠ ಹೇಳಿದ ಹಿರಿಯ ಡಾಕ್ಟರು ಮೈಸೂರಿನಿಂದ ಬಂದು ಪಕ್ಕದಲ್ಲಿ ನಿಲ್ಲುತ್ತೇನೆ ಅಂದರು. ಆಮೇಲೆ ಧೈರ್ಯ ಬಂತು. ಸ್ಕ್ಯಾನ್ ಮಾಡಿಸಿ, ಫಿಲ್ಮನ್ನು ಲೈಟಿನ ಪೆಟ್ಟಿಗೆಗೆ ಸಿಕ್ಕಿಸಿ, ನಮ್ಮ ಆಪರೇಷನ್ ಥಿಯೇಟರಿನ ಸಿಸ್ಟರನ್ನು ಕರೆದೆ. ಆಕೆ ನನ್ನ ಜೊತೆ ಒಂಬತ್ತು ವರ್ಷದಿಂದ ಇದ್ದಾರೆ, ಗುಂಡ್ಲುಪೇಟೆಗೂ ಬರುತ್ತಾರೆ. ನಾನು ಮಾತು ಶುರು ಮಾಡಿದರೆ ಸುಮ್ಮನೆ ನಿಂತು ಕೇಳುವುದು ಅವರ ಅಭ್ಯಾಸ.

"ನೋಡಿ ಸಿಸ್ಟರ್, ಹಣೆಯ ಸೈನಸ್ ಬೆರಳಚ್ಚಿನ ಥರ. ಒಬ್ಬರದು ಇನ್ನೊಬ್ಬರ ಹಾಗಿರುವುದಿಲ್ಲ. ಇವನ ಎಡಗಡೆಯದು ದೊಡ್ಡದು, ಬಲಗಡೆಯದು ಚಿಕ್ಕದು. ಬಲಗಡೆ ಹಿಂದಿನ ಗೋಡೆ ತೀರಾ ತೆಳು, ಅಲ್ಲೇ ನಾವು ಹುಷಾರಾಗಿರಬೇಕು. ಬಹಳ ಜನ ಸರ್ಜನ್ನುಗಳು ಇದನ್ನು ಗಮನಿಸುವುದೇ ಇಲ್ಲ." ಹೀಗೆ ಹತ್ತು ನಿಮಿಷ. ಗಮನಿಸದ ಸರ್ಜನ್ನುಗಳ ಬಗ್ಗೆಯೇ ಅದರಲ್ಲಿ ಐದು ನಿಮಿಷ ಹೋಗಿರಬೇಕು.

ಸಿಸ್ಟರ್ ಎಲ್ಲ ಕೇಳಿ, "ಸಾರ್, ಒಂದು ಡೌಟು" ಅಂದರು.

"ಕೇಳಿ, ಕೇಳಿ. ಕೇಳಿದರೇ ಗೊತ್ತಾಗೋದು."

"ಪೇಷಂಟ್ ಹೆಸರು ಯಾಕೆ ಸಾರ್ ಕನ್ನಡಿಯೊಳಗೆ ಕಂಡ ಹಾಗೆ ಕಾಣ್ತಿದೆ?"

ಫಿಲ್ಮನ್ನು ನಾನು ಹಿಂದು ಮುಂದು ಸಿಕ್ಕಿಸಿದ್ದೆ. ತೆಳು ಗೋಡೆ ಎಡಗಡೆಯದು. ಆವತ್ತಿನಿಂದ ನಮ್ಮಲ್ಲಿ ಒಂದು ನಿಯಮವಾಗಿದೆ: ಫಿಲ್ಮನ್ನು ಸಿಸ್ಟರ್ ಸಿಕ್ಕಿಸುತ್ತಾರೆ, ನಾನು ಬರೀ ಭಾಷಣ ಮಾಡುತ್ತೇನೆ.

ನನ್ನ ಹಣೆ

ವಾಚರಣ್ಣ ಸ್ಕ್ಯಾನ್ ನೋಡಿ, "ಚೆಂದಾಗಿರೋ ಹಣೆ ಎಂಗಿರ್ತದೆ ಸಾ?" ಅಂತ ಕೇಳಿದ. ಒಳ್ಳೇ ಪ್ರಶ್ನೆ. ನಾಲ್ಕು ವರ್ಷದ ಹಿಂದೆ ಬೈಕಿನಿಂದ ಬಿದ್ದಾಗ ನನ್ನ ತಲೆಯದ್ದೇ ಒಂದು ಸ್ಕ್ಯಾನ್ ತೆಗೆದಿದ್ದರು. ಏಟೇನೂ ಆಗಿಲ್ಲ ಅಂತ ಗೊತ್ತಾದ ಮೇಲೆ ನಾನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಮನೆಯಲ್ಲಿ ಬೀರು ತಡಕಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ.

ನನಗೆ ಹಣೆಯ ಸೈನಸ್ಸೇ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಕೆಲವರಿಗೆ ಅದು ಹುಟ್ಟಿನಿಂದಲೇ ಬೆಳೆದಿರುವುದಿಲ್ಲ, ತೊಂದರೆ ಏನೂ ಇಲ್ಲ ಅಂತ ನಾನೇ ಎಷ್ಟೋ ಜನಕ್ಕೆ ಸಮಾಧಾನ ಹೇಳಿದ್ದೇನೆ. ಆದರೂ ಹಣೆ ಮುಟ್ಟಿಕೊಂಡು ಕುರ್ಚಿಯಲ್ಲಿ ಕುಸಿದೆ. ನನ್ನ ಹೆಂಡತಿ ಗಾಬರಿಯಾಗಿ ಬಂದಳು.

"ಏನಾಯ್ತು ರೀ?"

"ನನ್ನ ಹಣೆಯೊಳಗೆ ಗೂಡೇ ಇಲ್ಲ ಕಣೇ. ಗಾಳಿ ಇರಬೇಕಾದ ಕಡೆ ಬರೀ ಗಟ್ಟಿ ಮೂಳೆ."

ಅವಳ ಗಾಬರಿ ಅಲ್ಲೇ ಇಳಿಯಿತು. "ಇದಕ್ಕೆ ಸ್ಕ್ಯಾನ್ ಬೇರೆ ಬೇಕಿತ್ತಾ? ನನ್ನ ಕೇಳಿದ್ರೆ ಮದುವೆಯಾದ ವರ್ಷವೇ ಹೇಳ್ತಿದ್ದೆ."

ಭಾನುವಾರದ ತಲೆಗಳು

ಮನುಷ್ಯರ ಮೂಗಿಗೆ ಕೈ ಹಾಕುವ ಮೊದಲು ಕುರಿಯ ತಲೆಯ ಮೇಲೆ ಕೈ ಪಳಗಿಸಿಕೊಳ್ಳುವುದು ನಮ್ಮಲ್ಲಿ ಇರುವ ಪದ್ಧತಿ. ಗುಂಡ್ಲುಪೇಟೆಯ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನನ್ನ ಹಳೇ ಎಂಡೋಸ್ಕೋಪ್ ಇತ್ತು. ಬೇಕಾಗಿದ್ದದ್ದು ತಲೆ. ನಾನೋ, ಮೊಟ್ಟೆಯನ್ನೂ ಕಣ್ಣುಮುಚ್ಚಿಕೊಂಡು ದಾಟಿ ಹೋಗುವ ಮನೆಯಲ್ಲಿ ಹುಟ್ಟಿದವನು. ಯಾರಿಗೂ ಗುರುತು ಸಿಗಬಾರದು ಅಂತ ಮಾಸ್ಕ್ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಸಾಲಿನಲ್ಲಿ ನಿಂತೆ.

"ಅರೆ, ಡಾಕ್ಟರ್ ಸಾಬ್!" ಅಂಗಡಿಯವರು ಇಡೀ ಬೀದಿಗೆ ಕೇಳುವಂತೆ ಕೂಗಿದರು. ಅವರ ಕಿವಿಗೆ ನಾನೇ ಔಷಧ ಕೊಟ್ಟಿದ್ದೆ.

"ಮಾಸ್ಕ್ ಹಾಕಿದ್ರೂ ಗೊತ್ತಾಯ್ತಾ?" ಅಂತ ಪಿಸುಗುಟ್ಟಿದೆ.

"ನಿಮ್ಮನ್ನ ನಾನು ನೋಡಿರೋದೇ ಮಾಸ್ಕಲ್ಲಿ ಸಾಬ್. ಬಿಚ್ಚಿದ್ದಿದ್ರೆ ಗೊತ್ತಾಗ್ತಿರಲಿಲ್ಲ."

ಒಂದು ತಲೆ ಬೇಕು, ಸುಡಬೇಡಿ, ಒಡೆಯಬೇಡಿ, ಮೂಗಿಗೆ ಏಟು ಬೀಳಬಾರದು ಅಂದೆ. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ವಿಷಯ ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅಂಗಡಿಯವರು ಗಂಭೀರವಾದರು. ಒಂದು ತಲೆ ಎತ್ತಿಕೊಂಡು ಕತ್ತಿಯ ಹಿಡಿಯಿಂದ ಟಕಟಕ ತಟ್ಟಿದರು.

"ಕೇಳಿ, ಇಲ್ಲಿ ಪೊಳ್ಳು. ಇಲ್ಲಿ ಗಟ್ಟಿ. ಈ ತೆಳುಗೋಡೆ ಹಿಂದೆ ಭೇಜಾ. ಒಂದು ತಲೆ ಇದ್ದಂಗೆ ಇನ್ನೊಂದು ಇರಲ್ಲ ಸಾಬ್, ಮೊದ್ಲು ನೋಡ್ಬೇಕು, ಆಮೇಲೆ ಕೈ ಹಾಕ್ಬೇಕು."

ನನ್ನ ದಪ್ಪ ಪುಸ್ತಕದ ಒಂದು ಅಧ್ಯಾಯ ಅಲ್ಲಿಗೆ ಮುಗಿಯಿತು. "ಇದಕ್ಕೆ ನೀವು ಎಷ್ಟು ವರ್ಷ ಓದಿದ್ರಿ?" ಅಂತ ಕೇಳಿದರು. ಹನ್ನೊಂದು ಅಂದೆ. "ನನಗೆ ನಮ್ಮಬ್ಬಾ ಒಂದು ಬಕ್ರೀದಲ್ಲಿ ಹೇಳಿಕೊಟ್ರು" ಅಂದರು, ಪಾಪ, ನನಗೆ ಬೇಸರವಾಗದ ಹಾಗೆ ಮೆತ್ತಗೆ.

ಮೊದಲ ಭಾನುವಾರವೇ ನನ್ನ ಕೈ ಜಾರಿ ಗೋಡೆ ತೂತಾಯಿತು. ವಾಚರಣ್ಣನ ಮುಖ ಕಣ್ಣಮುಂದೆ ಬಂದು ಊಟ ಸೇರಲಿಲ್ಲ. ಮುಂದಿನ ವಾರ ಅಂಗಡಿಯವರು ಕೇಳಿದಾಗ, "ಭೇಜಾ ಕಾಣಿಸಿಬಿಟ್ಟಿತು" ಅಂದೆ, ತಲೆ ತಗ್ಗಿಸಿ.

"ಶಭಾಷ್! ಮೊದಲನೇ ಸಲಕ್ಕೇ!" ಅಂತ ಕೈ ಕುಲುಕಿದರು.

ಐದನೆಯ ಭಾನುವಾರ ಎರಡೂ ಕಡೆ ಮೋರಿ ಬಿಡಿಸಿದೆ, ಒಂದು ಗೋಡೆಯೂ ಬಿರುಕು ಬಿಡಲಿಲ್ಲ. ಕುಣಿದುಕೊಂಡು ಅಂಗಡಿಗೆ ಹೋಗಿ, "ಇವತ್ತು ಭೇಜಾ ಕಾಣಿಸಲೇ ಇಲ್ಲ!" ಅಂದೆ. ಅವರು ನನ್ನ ಬೆನ್ನು ಸವರಿದರು. "ಬೇಜಾರು ಮಾಡ್ಕೋಬೇಡಿ ಸಾಬ್. ಮುಂದಿನ ವಾರ ಸಿಗ್ತದೆ."

ಮಲಗಿದ್ದ ಗುರು

ಆಪರೇಷನ್ ದಿನ ಚಾಮರಾಜನಗರದಲ್ಲಿ ನನಗಿಂತ ವಾಚರಣ್ಣನೇ ಧೈರ್ಯವಾಗಿದ್ದ. ಮತ್ತಿನ ಔಷಧ ಕೊಡುವ ಮೊದಲು ನನ್ನನ್ನು ಹತ್ತಿರ ಕರೆದ.

"ದಾರಿ ಗೊತ್ತಾ ಸಾ?"

"ಸ್ಕ್ಯಾನ್ ನಕ್ಷೆ ಪೂರ್ತಿ ಬಾಯಿಪಾಠ ಮಾಡಿದೀನಿ."

"ನಮ್ ಕಾಡಲ್ಲಿ ಮೊದ್ಲು ದಾರಿ ತಪ್ಪೋರು ನಕ್ಷೆ ಇಟ್ಕೊಂಡೋರೇ ಕಣ್ ಸಾ. ಗೊತ್ತಾಗ್ನಿಲ್ಲ ಅಂದ್ರೆ ನಿಂತ್ಕಬುಡಿ. ಮುಂದಕ್ ಓಗ್ಬ್ಯಾಡಿ." ಅಷ್ಟು ಹೇಳಿ ನಿದ್ದೆ ಹೋದ.

ಬಲಗಡೆ ಸಲೀಸಾಗಿ ಮುಗಿಯಿತು. ಎಡಗಡೆ, ಆ ತೆಳು ಗೋಡೆಯ ಹತ್ತಿರ ರಕ್ತ ಒಸರಿ ಕ್ಯಾಮೆರಾದ ಪರದೆ ಪೂರ್ತಿ ಕೆಂಪಾಯಿತು. ಇನ್ನು ಸ್ವಲ್ಪ ಮುಂದೆ ತಳ್ಳಿದರೆ ಸಿಗುತ್ತದೆ ಅಂತ ಕೈ ತುರಿಸುತ್ತಿತ್ತು. ನಿಜ ಹೇಳಬೇಕೆಂದರೆ ಬಹಳ ಹೆದರಿದ್ದೆ. ಕೈ ಹಿಂದಕ್ಕೆ ತೆಗೆದು, ಔಷಧದ ಹತ್ತಿಯಿಟ್ಟು ನಿಂತುಬಿಟ್ಟೆ. ಲೈಟಿನ ಪೆಟ್ಟಿಗೆಯ ಮೇಲಿನ ಸ್ಕ್ಯಾನನ್ನು ಮತ್ತೆ ನೋಡಿದೆ. ಅದು ಸಿಸ್ಟರ್ ಸಿಕ್ಕಿಸಿದ್ದು, ಸರಿಯಾಗಿಯೇ ಇತ್ತು. ಐದು ನಿಮಿಷದ ಮೇಲೆ ಹತ್ತಿ ತೆಗೆದರೆ ಮೋರಿಯ ಬಾಯಿ ಎದುರಿಗೇ ಇತ್ತು. ನಾನು ತಳ್ಳಬೇಕೆಂದಿದ್ದ ಜಾಗ ಅದಲ್ಲ.

ಹಿರಿಯ ಡಾಕ್ಟರು ಮೆಚ್ಚಿ ತಲೆದೂಗಿದರು. "ಭೇಷ್. ಹಿಂದೆಲ್ಲ ನೀನು ನಿಲ್ಲುವವನೇ ಅಲ್ಲ. ನಾನು ಐದು ವರ್ಷ ಬಯ್ದರೂ ಬರದ ಬುದ್ಧಿ ಯಾರು ಕಲಿಸಿದರಯ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್ ಹೇಳಿದರು, "ಪೇಷಂಟ್ ಸಾರ್. ಮಲಗೋಕೆ ಮುಂಚೆ."

ಪರೀಕ್ಷೆ

ತಲೆನೋವು ಹೋಯಿತು, ಮೂಗಿನಲ್ಲಿ ಗಾಳಿ ಆಡಿತು. ವಾಸನೆ ಮಾತ್ರ ಬರಲಿಲ್ಲ. ಎರಡು ವಾರ, ನಾಲ್ಕು ವಾರ, ಆರು ವಾರ. ನಿಧಾನವಾಗಿ ಬರುತ್ತದೆ ಅಂತ ಅವನಿಗೆ ಹೇಳುತ್ತಿದ್ದೆ, ನರಕ್ಕೆ ನನ್ನ ಕೈಯೇ ತಾಗಿತೇನೋ ಅಂತ ಒಳಗೇ ಸಾಯುತ್ತಿದ್ದೆ. ಕಾಡಿನ ವಾಚರುಗಳ ಕ್ಯಾಂಪಿನಲ್ಲಿ ಅವನನ್ನು ಬೀಟ್ ಬಿಡಿಸಿ ಅಡುಗೆಗೆ ಹಾಕಿದ್ದರು.

ಎರಡು ತಿಂಗಳಾದ ಮೇಲೆ ಒಂದು ಬುಧವಾರ ಗಂಡ ಹೆಂಡತಿ ಗುಂಡ್ಲುಪೇಟೆಗೆ ಬಂದರು. ಹೊರಗೆ ಸೋನೆ ಹಿಡಿದಿತ್ತು, ನಾನು ಬಸ್‌ಸ್ಟ್ಯಾಂಡಿನಿಂದ ನೆನೆದುಕೊಂಡೇ ಬಂದಿದ್ದೆ. ವಾಚರಣ್ಣನನ್ನು ಕೂರಿಸಿ, ಅವನದೇ ಟವಲಿನಿಂದ ಕಣ್ಣು ಕಟ್ಟಿದೆ. ಸಿಸ್ಟರ್ ಕಾಫಿಪುಡಿಯ ಡಬ್ಬ ಕೊಟ್ಟರು. ಮೂಗಿನ ಕೆಳಗೆ ಹಿಡಿದೆ.

"ಏನಾದ್ರೂ ಗೊತ್ತಾಯ್ತಾ?"

"ಇಲ್ಲ ಸಾ."

ಕರ್ಪೂರ ಹಿಡಿದೆ. ಅದೂ ಇಲ್ಲ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಕ್ಷಮಿಸು ಅನ್ನೋಣ ಅಂತ ಅವನ ಹತ್ತಿರಕ್ಕೆ ಬಗ್ಗಿದೆ.

ವಾಚರಣ್ಣ ತಟ್ಟನೆ ಕೈ ಎತ್ತಿದ. ಬೆನ್ನು ನೆಟ್ಟಗಾಯಿತು.

"ಶ್‌ಶ್... ಯಾರೂ ಅಲ್ಲಾಡ್ಬ್ಯಾಡಿ." ಅವನ ದನಿ ಪಿಸುಮಾತಿಗಿಳಿಯಿತು. "ಆನೆ ಅದೆ."

"ಎಲ್ಲಿ?" ಅಂತ ನಾನೂ ಪಿಸುಗುಟ್ಟಿದೆ. ಹೆದ್ದಾರಿ ಪಕ್ಕದ ಕ್ಲಿನಿಕ್ಕು, ಕಾಡೇನೂ ದೂರವಲ್ಲ. ಹೆಂಡತಿ ಆಗಲೇ ಬೆಂಚು ಹತ್ತಿದ್ದಳು. ನಾನು ಕಿಟಕಿಯಿಂದ ಇಣುಕಿದೆ. ಒಂದು ಆಟೋ ಬಿಟ್ಟರೆ ಏನೂ ಇಲ್ಲ.

ವಾಪಸ್ಸು ಬಂದು ಅವನ ಮುಂದೆ ನಿಂತೆ. ಅವನು ಎರಡು ಸಲ ಉಸಿರೆಳೆದುಕೊಂಡ. "ಒಂಟಿ ಸಲಗ. ನೆಂದದೆ. ಮದ ಇಳೀತಾ ಅದೆ. ಇಗೋ, ಎದುರ್ಗೇ ಬಂದು ನಿಂತ್ಕತು."

ಸಿಸ್ಟರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಸಾರ್, ಅದು ನಿಮ್ಮ ಸ್ವೆಟರ್."

ಮೈಮೇಲೆ ನನ್ನ ಹಳೇ ಉಣ್ಣೆ ಸ್ವೆಟರ್ ತೊಟ್ಟಿಕ್ಕುತ್ತಿತ್ತು. ಒಗೆದು ಎಷ್ಟು ಕಾಲವಾಗಿತ್ತೋ ನನಗೂ ನೆನಪಿಲ್ಲ. ಸಿಸ್ಟರ್ ಅಷ್ಟಕ್ಕೇ ಬಿಡಲಿಲ್ಲ. "ಕಾಫಿಪುಡಿ ಹೋದ ವರ್ಷದ್ದು ಸಾರ್. ಕರ್ಪೂರದ ಪ್ಲಾಸ್ಟಿಕ್ ನೀವು ಬಿಚ್ಚೇ ಇಲ್ಲ."

ವಾಚರಣ್ಣ ಟವಲು ಕಿತ್ತು ನನ್ನನ್ನು ನೋಡಿದ, ನಾಲಿಗೆ ಕಚ್ಚಿಕೊಂಡ. ನನಗೆ ಅವಮಾನ ಅಂತ ಅನ್ನಿಸಲೇ ಇಲ್ಲ. ವಾಸನೆ ಬಂದಿದೆ! ಮೂಗು ಬದುಕಿದೆ! ಕಣ್ಣಲ್ಲಿ ನೀರು ಬಂತು. ಹಾಗೇ ಬಗ್ಗಿ ಅವನನ್ನು ಎರಡೂ ಕೈಯಿಂದ ಬಿಗಿಯಾಗಿ ತಬ್ಬಿಕೊಂಡೆ.

ಸ್ವೆಟರಿನೊಳಗಿಂದ ಅವನ ದನಿ ಕೇಳಿಸಿತು: "ಬಂದದೆ ಸಾ, ವಾಸ್ನೆ ಪೂರ್ತಿ ಬಂದದೆ... ಬುಡಿ ಸಾ, ನಿಮ್ ದಮ್ಮಯ್ಯ, ಬುಡಿ!"