ಮುಖಪುಟದ ಮೂಲಕವೇ ನೀರು

ಕುಮಾರಸ್ವಾಮಿ ಲೇಔಟಿನ ನಮ್ಮ ನಿವಾಸಿಗಳ ಸಂಘಕ್ಕೆ ೨೦೦೨ರಲ್ಲಿ ವೆಬ್‌ಸೈಟ್ ಆಯಿತು. ಆದ್ದರಿಂದ ನೋಟಿಸ್ ಬೋರ್ಡನ್ನು ಕಿತ್ತುಹಾಕಲಾಯಿತು. ಸಂಘದ ಬೋರ್‌ವೆಲ್ ನೀರನ್ನು ದಿನಾ ಎಷ್ಟು ಹೊತ್ತಿಗೆ ಬಿಡುತ್ತಾರೆಂಬುದು ಅಂದಿನಿಂದ ವೆಬ್‌ಸೈಟಿನಲ್ಲಿ ಮಾತ್ರ.

ಮುಖಪುಟದಲ್ಲಿ ಅಧ್ಯಕ್ಷ ಬೋರಣ್ಣನವರ ಸನ್ಮಾನದ ಫೋಟೋ ಇದೆ. ದೊಡ್ಡದು. ಟೆಲಿಫೋನ್ ತಂತಿಯ ಇಂಟರ್ನೆಟ್ಟಿನಲ್ಲಿ ಅದು ಮೇಲಿನಿಂದ ಚೂರುಚೂರಾಗಿ ಇಳಿಯುತ್ತದೆ. ಮೊದಲು ಪೇಟ. ಬಹಳ ಹೊತ್ತಿನ ಮೇಲೆ ಹಣೆ. ನೀರಿನ ಪುಟಕ್ಕೆ ದಾರಿ ಇರುವುದು ಹಾರದ ಕೆಳಗೆ. ಹಾರ ಬರುವಷ್ಟರಲ್ಲಿ ನೀರು ನಿಂತಿರುತ್ತದೆ.

ನಾಗಲಕ್ಷ್ಮಮ್ಮನವರ ಮನೆಯಲ್ಲಿ ಬಿಂದಿಗೆಗಳು ಒಣಗಿದವು. ಸೊಸೆ ಪಂಕಜಾ ನೀರಿನ ಪುಟದ್ದೇ ವಿಳಾಸ ಪತ್ತೆಹಚ್ಚಿ ಬೀದಿಯವರಿಗೆಲ್ಲ ಈಮೇಲ್ ಮಾಡಿದಳು. ಅದನ್ನು ಒತ್ತಿದರೆ ಸೀದಾ ನೀರಿನ ಪುಟ. ಬೀದಿಗೆಲ್ಲ ನೀರು ಸಿಕ್ಕಿತು. ವಿಷಯ ಗಂಭೀರವಾದ್ದರಿಂದ ತುರ್ತು ಸಭೆ ಕರೆಯಲಾಯಿತು.

"ಮನೆಗೆ ಬಂದೋರು ಯಜಮಾನನ ಮುಖ ನೋಡ್ದೆ ಸೀದಾ ಬಚ್ಚಲಿಗೆ ನುಗ್ತಾರೇನಮ್ಮ?" ಎಂದರು ಬೋರಣ್ಣ.

"ನೀರು ಅಲ್ಲೇ ಅಲ್ವಾ ಸಾರ್ ಇರೋದು?" ಎಂದಳು ಪಂಕಜಾ.

"ಇದು ಕಾಂಪೌಂಡ್ ಹಾರಿದ ಕೇಸು!"

"ಹಾರೋ ವಯಸ್ಸೇನಪ್ಪ ನಂದು? ಮಂಡಿ ಮಡಚಕ್ಕಾಗಲ್ಲ," ಎಂದರು ನಾಗಲಕ್ಷ್ಮಮ್ಮ.

ನಿಯಮ ಅಂಗೀಕಾರವಾಯಿತು: "ಸದಸ್ಯರು ಮುಖಪುಟದ ಮೂಲಕವೇ ಪ್ರವೇಶಿಸತಕ್ಕದ್ದು. ಒಳಪುಟಕ್ಕೆ ನೇರ ಕೊಂಡಿ ಕೊಟ್ಟವರ ಮನೆಯ ನಲ್ಲಿ ಸಂಪರ್ಕ ಕಡಿಯತಕ್ಕದ್ದು."

ವಾಲ್ವ್ ತಿರುಗಿಸುವ ಮುನಿಯಣ್ಣ ಸ್ಪ್ಯಾನರ್ ತರಲು ಎದ್ದ.

"ಒಂದ್ನಿಮಿಷ ಸಾರ್," ಎಂದಳು ಪಂಕಜಾ. "ಜನ ನಿಮ್ಮನ್ನ ಪೂರ್ತಿ ನೋಡ್ಬೇಕು, ಅಷ್ಟೇ ತಾನೆ? ಹಾಗಾದ್ರೆ ನೀರೂ ಕಾಯ್ಲಿ. ನೀವು ಬಂದ್ಮೇಲೆ ಬಿಡ್ಲಿ."

ಬೋರಣ್ಣ ಯೋಚಿಸಿದರು. ನೀರು ಕೂಡ ತಮಗಾಗಿ ಕಾಯುವುದು ಅವರಿಗೆ ನ್ಯಾಯವೆನಿಸಿತು. ಶಿಕ್ಷೆ ರದ್ದಾಯಿತು. ತಿದ್ದುಪಡಿ: "ಅಧ್ಯಕ್ಷರು ವೆಬ್‌ಸೈಟಿನಲ್ಲಿ ಪೂರ್ಣವಾಗಿ ಕಾಣಿಸಿಕೊಂಡ ನಂತರವೇ ನೀರು ಬಿಡತಕ್ಕದ್ದು." ಚಪ್ಪಾಳೆ.

ಈಗ ಮುನಿಯಣ್ಣ ಬೆಳಿಗ್ಗೆ ಸಂಘದ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಟೆಲಿಫೋನ್ ಕೆಟ್ಟ ದಿನ ನೀರಿಲ್ಲ. ಯಾರೂ ದೂರು ಕೊಟ್ಟಿಲ್ಲ. ಅಧ್ಯಕ್ಷರೇ ಬಾರದೆ ನೀರು ಬರುವುದು ಹೇಗೆ?

ನಿನ್ನೆ ನಾಗಲಕ್ಷ್ಮಮ್ಮ ಕಚೇರಿಯ ಕಿಟಕಿಯಲ್ಲಿ ಇಣುಕಿದರು.

"ಎಲ್ಲೀವರೆಗೆ ಬಂದ್ರಪ್ಪಾ ಬೋರಣ್ಣ?"

"ಮೀಸೆ ದಾಟ್ತಾವ್ರೆ ಅಮ್ಮಾ. ಬಿಂದಿಗೆ ಇಟ್ಕೊಳಿ."