ಒಲೆ ಹಚ್ಚದ ಉಂಡೆ

ಲ್ಯಾಬಿನಲ್ಲಿ ಹೇಳಿದಂತೆ ಕೇಳುವ ಪ್ರಯೋಗ ಊರೊಳಗೆ ಕಾಲಿಟ್ಟ ಕೂಡಲೇ ತನ್ನಿಷ್ಟಕ್ಕೆ ನಡೆಯುತ್ತದೆ. ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಇದು ಆಗದ ವಾರವೇ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಸೀಮೆಎಣ್ಣೆಗೆ ಕ್ಯೂ ನಿಲ್ಲುವ ಕಾಲ. ಹಳ್ಳಿಯ ಮಹಿಳಾ ಮಂಡಳಿಗಳಿಗೆ ಹೋಗಿ ತಿಂಡಿ ಮಾಡಿ ತೋರಿಸುವುದು ನನ್ನ ಕೆಲಸ. ಅದೂ ತಾತ್ಕಾಲಿಕ. ಕಚೇರಿಗೆ ಎಲ್ಲಿಂದಲೋ ಓಟ್ಸ್ ಡಬ್ಬಿಗಳು ಬಂದು ಕುಳಿತಿದ್ದವು. ಗಂಜಿ ಮಾಡಿ ಕೊಟ್ಟರೆ ಶಿಶುವಿಹಾರದ ಮಕ್ಕಳು ಬಾಯಿ ಬಿಗಿದುಕೊಳ್ಳುತ್ತಿದ್ದರು.

"ಓಟ್ಸ್ ಹಬೆಯಲ್ಲಿ ಬೆಂದೇ ಡಬ್ಬಿಗೆ ಬರುತ್ತೆ. ಜೇನುತುಪ್ಪ, ಹುರಿಗಡಲೆ ಪುಡಿ ಸೇರಿಸಿ ಉಂಡೆ ಕಟ್ಟಬಹುದು. ಒಲೆಯೇ ಬೇಡ," ಎಂದೆ.

ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡಿದರು. "ಒಂದು ಮಂಡಳಿಯಾದ್ರೂ ಒಪ್ಪಿ ಮಾಡೋಕೆ ಶುರು ಮಾಡ್ಲಿ, ನಿಮ್ಮ ಕೆಲಸ ಮುಂದುವರಿಸೋಕೆ ಬರೀತೀನಿ. ಇಲ್ದಿದ್ರೆ ಮಾಲೂರಿನ ಬಸ್ಸು ಹತ್ತಿ."

ಮಾಲೂರಿನಲ್ಲಿ ಅಪ್ಪ ನನಗೆ ಗಂಡು ನೋಡುತ್ತಿದ್ದರು. ತಕ್ಷಣ ಒಪ್ಪಿಕೊಂಡೆ.

ಮೋಸಂಬಿ

ನಾನಿದ್ದದ್ದು ಮುಳಬಾಗಿಲಿನಲ್ಲಿ, ಬಾಡಿಗೆ ಕೋಣೆಯಲ್ಲಿ. ಮೊದಲು ಅಲ್ಲೇ ಮಾಡಿ ನೋಡೋಣವೆಂದು ಅಂಗಡಿಗೆ ಹೋಗಿ ದೊಡ್ಡ ಬಾಟಲಿ ಜೇನುತುಪ್ಪ ಕೇಳಿದೆ. ನಮ್ಮ ಕಡೆ ಜೇನು ಔಷಧಿ; ಬೆರಳ ತುದಿಯಲ್ಲಿ ನೆಕ್ಕುವಂಥದ್ದು.

"ಯಾರಿಗಮ್ಮ ಕೆಮ್ಮು?" ಎಂದರು ಅಂಗಡಿಯವರು.

"ಯಾರಿಗೂ ಇಲ್ಲ."

"ಇಷ್ಟು ಬೇಕು ಅಂದ್ರೆ ಎದೆಗೇ ಇಳಿದಿರ್ಬೇಕು," ಎಂದು ಬಾಟಲಿಯನ್ನು ದೂರದಿಂದಲೇ ನೂಕಿದರು.

ಕೈಯಲ್ಲಿ ಓಟ್ಸ್ ಡಬ್ಬಿ ಬೇರೆ ಇತ್ತು. ಅದು ರೋಗಿಗಳ ಗಂಜಿಯ ಡಬ್ಬಿ ಎಂದು ಬೀದಿಗೆಲ್ಲ ಗೊತ್ತು. ಸಂಜೆ ಹೆಂಗಸರು ಬ್ರೆಡ್ಡು, ಮೋಸಂಬಿ ಹಿಡಿದು ನನ್ನನ್ನು ನೋಡಲು ಬಂದರು. ಮನೆಯ ಯಜಮಾನಿ ನನ್ನ ಹಣೆ ಮುಟ್ಟಿ, "ಜ್ವರಂ ಲೇದೇ," ಜ್ವರವೇ ಇಲ್ಲವಲ್ಲ ಎಂದು ತೆಲುಗಿನಲ್ಲಿ ಸ್ವಲ್ಪ ನಿರಾಸೆಪಟ್ಟರು.

"ನನಗೇನೂ ಆಗಿಲ್ಲ. ಇದು ತಿಂಡಿ," ಎಂದು ಉಂಡೆ ಹಂಚಿದೆ. ತಟ್ಟೆ ಖಾಲಿಯಾಯಿತು. ನಾನು ಗೆದ್ದೆ ಅಂದುಕೊಂಡೆ. ಹೋಗುವಾಗ ಒಬ್ಬರು ನನ್ನ ಕೈ ಹಿಡಿದು ಹೇಳಿದರು: "ಇಷ್ಟು ಚೆನ್ನಾಗಿ ಮಾಡ್ತೀಯ. ಬೇಗ ಹುಷಾರಾಗಮ್ಮ."

ಮೊದಲ ಮೆಚ್ಚುಗೆ

ಶ್ರೀನಿವಾಸಪುರದಲ್ಲಿ ಬಸ್ಸಿಳಿದು ಮಂಡಳಿಗೆ ಜಟಕಾ ಹತ್ತಿದೆ. ಜಟಕಾ ಸಾಬರು ನನ್ನ ಡಬ್ಬಿಯೊಳಗೆ ಇಣುಕಿದರು.

"ಬೇಟಿ, ಇದು ಮಿಲಿಟರಿ ಕುದುರೆಗೆ ಹಾಕೋ ದಾನಾ ಅಲ್ವಾ? ಮನುಷ್ಯರಿಗೆ ಕೊಡ್ತೀರಾ?"

"ಜೇನು ಹಾಕಿದೀನಿ."

"ಹಂಗಂದ್ರೆ ಇವನನ್ನೇ ಕೇಳೋಣ," ಎಂದು ಒಂದು ಉಂಡೆ ತೆಗೆದು ಕುದುರೆಯ ಬಾಯಿಗೆ ಹಿಡಿದರು.

ಕುದುರೆ ತಿಂದಿತು. ತುಟಿ ಚಪ್ಪರಿಸಿತು. ಆಮೇಲೆ ಕುತ್ತಿಗೆ ತಿರುಗಿಸಿ ನನ್ನನ್ನೇ ನೋಡುತ್ತ ನಿಂತುಬಿಟ್ಟಿತು. ಚಾವಟಿ ತೋರಿಸಿದರೂ ಕದಲಲಿಲ್ಲ. ಇನ್ನೊಂದು ಕೊಟ್ಟರೆ ಒಂದು ಬೀದಿ ದಾಟುತ್ತಿತ್ತು. ಮಂಡಳಿ ತಲುಪುವಾಗ ಡಬ್ಬಿ ಅರ್ಧ ಖಾಲಿ.

ಆದರೂ ಉಳಿದದ್ದು ಸಾಕಿತ್ತು. ಹೆಂಗಸರು ಕುತೂಹಲದಿಂದ ಕೈ ಚಾಚಿದ್ದರು. ಅಷ್ಟರಲ್ಲಿ ಸಾಬರು ಬಾಗಿಲಲ್ಲಿ ನಿಂತು, ನನ್ನ ಪರವಾಗಿಯೇ ಸಾಕ್ಷಿ ಹೇಳಿದರು: "ಭೇಷಾಗೈತೆ, ತಗೊಳ್ರಮ್ಮಾ. ನನ್ನ ಕುದುರೆ ಇನ್ನೂ ಕೇಳ್ತಾ ಐತೆ."

ಚಾಚಿದ ಕೈಗಳೆಲ್ಲ ಸೆರಗಿನೊಳಗೆ ಹೋದವು.

ಒದ್ದೆ ಕೈ

ಕ್ಯಾಲನೂರಿನಲ್ಲಿ ಹೆಂಗಸರು ಉತ್ಸಾಹದಿಂದ ತಾವೇ ಉಂಡೆ ಕಟ್ಟಲು ಕುಳಿತರು. ಕುಳಿತವರು ಮೊದಲು ಮಾಡಿದ್ದು ಚೊಂಬಿನ ನೀರಿಗೆ ಕೈ ಅದ್ದಿದ್ದು. ಮುದ್ದೆ ಕಟ್ಟುವ ಕೈ; ನೀರು ಮುಟ್ಟದೆ ಗುಂಡಗಾಗುವುದಿಲ್ಲ.

"ಕೈ ಒದ್ದೆ ಮಾಡ್ಬೇಡಿ," ಎಂದೆ.

"ಸರಿ ಮೇಡಂ," ಎಂದು ಎಲ್ಲರೂ ಒಪ್ಪಿ ಮತ್ತೆ ಅದ್ದಿದರು.

ನಾನು ಚೊಂಬನ್ನು ಹಿಂದಕ್ಕಿಟ್ಟೆ. ಒಬ್ಬಾಕೆ ಎದ್ದಳು. "ನೀರು ಸಾಲದಾ ಮೇಡಂ? ತತ್ತೀನಿ ಇರಿ." ಅವಳು ಕೊಡ ತರುವ ಹೊತ್ತಿಗೆ ಪಾತ್ರೆಯಲ್ಲಿ ಉಂಡೆ ಇರಲಿಲ್ಲ; ಮಕ್ಕಳು ಬಾಯಿ ಬಿಗಿದುಕೊಳ್ಳುವ ಅದೇ ಗಂಜಿ ಇತ್ತು.

ಯೋಚಿಸಿದೆ. ಅಭ್ಯಾಸ ಬದಲಾಗುವುದಿಲ್ಲ, ಚೊಂಬಿನಲ್ಲಿರುವುದನ್ನು ಬದಲಾಯಿಸಬಹುದು. ಮುಂದಿನ ಸಲ ಬಿಸಿಲಿಗಿಟ್ಟು ಕರಗಿಸಿದ ತುಪ್ಪವನ್ನು ಚೊಂಬಿಗೆ ಸುರಿದಿಟ್ಟೆ. ಎಷ್ಟು ಬೇಕಾದರೂ ಅದ್ದಿಕೊಳ್ಳಲಿ. ಅದ್ದಿದರು, ಕಟ್ಟಿದರು. ಒಂದೊಂದೂ ಗುಂಡಗೆ, ನುಣ್ಣಗೆ ಹೊಳೆಯುತ್ತಿತ್ತು.

"ಹಾಗಾದ್ರೆ ಮಂಡಳಿಯಿಂದ ಶುರು ಮಾಡ್ತೀರಾ?" ಎಂದು ಕೇಳಿದೆ.

ಅವರು ಮುಖ ಮುಖ ನೋಡಿಕೊಂಡರು. "ಮೇಡಂ, ಇಷ್ಟು ತುಪ್ಪ ಇದ್ರೆ ಉಂಡೆ ಯಾಕೆ? ಬಿಸಿ ಮುದ್ದೆಗೇ ಹಾಕ್ಕೊಂಡು ತಿಂತೀವಲ್ಲ."

ಸಾರು

ಉಳಿದದ್ದು ಆವನಿ ಊರೊಂದೇ. ಮೇಲ್ವಿಚಾರಕಿ ತಾವೇ ಬಂದು ನನ್ನ ಪಕ್ಕ ಕುಳಿತರು. ಅಲ್ಲಿಯ ಮಂಡಳಿ ಸೇರುತ್ತಿದ್ದದ್ದು ಅಧ್ಯಕ್ಷೆಯ ಮಾವನ ಜಗಲಿಯಲ್ಲಿ. ದಪ್ಪ ಮೀಸೆ, ಬೊಚ್ಚು ಬಾಯಿಯ ಹಿರಿಯರು. ಅವರು ಹ್ಞೂಂ ಅನ್ನದೆ ಆ ಜಗಲಿಯಲ್ಲಿ ಏನೂ ನಡೆಯದು.

ತುಪ್ಪದ ಕೈಯಲ್ಲಿ ಕಟ್ಟಿದ ಉಂಡೆಗಳನ್ನು ಅವರ ಮುಂದಿಟ್ಟೆ. ಅವರು ಒಂದನ್ನು ಎತ್ತಿ ತೂಗಿ ನೋಡಿ ಸೊಸೆಯನ್ನು ಕರೆದರು. "ಏಮ್ಮಾ, ಸಾರು ತಗೊಂಬಾ."

ನನಗೆ ಅರ್ಥವಾಗಿ ಗಾಬರಿಯಾಯಿತು. "ತಾತ, ಇದನ್ನ ಅಗಿದು ತಿನ್ಬೇಕು."

"ಹಲ್ಲಿದ್ದಾಗ್ಲೇ ಅಗಿದೋನಲ್ಲ ನಾನು," ಎಂದರು.

ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಅವರು ಉಂಡೆಯನ್ನು ಹುರುಳಿ ಸಾರಿನಲ್ಲಿ ಹೊರಳಿಸಿ, ತಲೆ ಹಿಂದಕ್ಕೆ ಹಾಕಿ ಗಂಟಲಿಗೆ ಬಿಟ್ಟುಕೊಂಡರು. ಜೇನು ಅಂಟು ಪದಾರ್ಥ. ಗಂಟಲ ಗಂಟು ಮೇಲೆ ಹೋಗಿ ಅಲ್ಲೇ ನಿಂತಿತು. ಮೇಲ್ವಿಚಾರಕಿ ನೀರಿನ ಲೋಟ ಹಿಡಿದು ಅರ್ಧ ಎದ್ದರು. ನನಗೆ ಮಾಲೂರಿನ ಬಸ್ಸು ಕಣ್ಣಿಗೆ ಕಟ್ಟಿತು.

ಗಂಟು ಕೆಳಗಿಳಿಯಿತು. ಕ್ಯಾಲನೂರಿನಲ್ಲಿ ಕಲಿತ ತುಪ್ಪ ತನ್ನ ಕೆಲಸ ಮಾಡಿತ್ತು.

"ಇಳೀತು," ಎಂದರು ಹಿರಿಯರು, ಇನ್ನೊಂದಕ್ಕೆ ಕೈ ಹಾಕುತ್ತ.

"ರುಚಿ ಹೇಗಿದೆ ಯಜಮಾನ್ರೇ?" ಮೇಲ್ವಿಚಾರಕಿ ಮೆಲ್ಲಗೆ ಕೇಳಿದರು.

"ನಾಲಿಗೆ ಮೇಲೆ ನಿಂತಿದ್ರಲ್ವಾ ಹೇಳೋಕೆ? ಇಷ್ಟು ಸಲೀಸಾಗಿ ಇಳಿಯೋ ಮುದ್ದೆ ಈ ಮನೇಲಿ ಯಾರೂ ಮಾಡಿಲ್ಲ." ಸೊಸೆಯ ಕಡೆ ತಿರುಗಿದರು. "ಕಲ್ತುಕೊಳ್ಳಮ್ಮ."

ಸೊಸೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆದರೆ ಮಂಡಳಿ ಅಂದೇ ಕೆಲಸ ಶುರು ಮಾಡಿತು. ಮಕ್ಕಳು, ಪುಣ್ಯಕ್ಕೆ, ಅಗಿದೇ ತಿಂದರು. ಮೇಲ್ವಿಚಾರಕಿ ಹಿಂದಿರುಗುವ ಬಸ್ಸಿನಲ್ಲೇ ನನ್ನ ಶಿಫಾರಸು ಬರೆದು ಮುಗಿಸಿದರು.

ಹೊರಡುವಾಗ ಹಿರಿಯರು ನನ್ನನ್ನು ಕರೆದು, "ಎಲ್ಲಾ ಸರಿ ಐತೆ ಕಣಮ್ಮ. ಗಾತ್ರ ಒಂದೇ ಕೊರತೆ. ಇದು ಮಕ್ಕಳಿಗಾಯ್ತು," ಎಂದಿದ್ದರು.

ಕೆಲಸ ಮುಂದುವರಿಸುವ ಆದೇಶ ಬಂದ ಮೇಲೆ ಆವನಿಗೆ ಹೋದಾಗ, ಕೃತಜ್ಞತೆಗೆ ಮುಷ್ಟಿಗಿಂತ ದೊಡ್ಡದೊಂದು ಉಂಡೆ ಕಟ್ಟಿಕೊಂಡು ಹೋದೆ. ಹಿರಿಯರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತೃಪ್ತಿಯಿಂದ ಒಳಗೆ ಕೂಗಿ ಹೇಳಿದರು:

"ಏಮ್ಮಾ, ಇವತ್ತು ಸಾರು ಜಾಸ್ತಿ ಮಾಡು. ಬಿ.ಎಸ್ಸಿ. ಮುದ್ದೆ ಬಂದೈತೆ."